ಮುಂದಿನ ರೈಲಿಗೆಂದು ಎತ್ತಿಟ್ಟ ಧೂಪ

ಅಮ್ಮ ಗಡಿಯಾಚೆಯ ಡಕಾರಿನಿಂದ ರೈಲಿನಲ್ಲಿ ತಂದ ಗಂಟನ್ನು ಬಿಚ್ಚಿದರೆ ಮೊದಲು ಒಣಮೀನಿನ ವಾಸನೆ ಏಳುತ್ತಿತ್ತು, ಅದರ ಬೆನ್ನಿಗೆ ರೈಲಿನ ಕರಿ ಎಣ್ಣೆಯದು. ಆ ಎರಡೂ ಇಳಿದ ಮೇಲೆ, ಹಳೇ ಬಟ್ಟೆಯ ನಡುವೆ ಬಚ್ಚಿಟ್ಟ ಧೂಪದ ಪರಿಮಳ ಮೆಲ್ಲಗೆ ಹೊರಗೆ ಬರುತ್ತಿತ್ತು. ಮಿತಿಮೀರಿ ಹಣ್ಣಾದ ಸೀಬೆಯ ಸಿಹಿ, ಅದರ ಅಂಚಿನಲ್ಲಿ ಒದ್ದೆ ಕಟ್ಟಿಗೆಯಂಥ ಒಂದು ಕಹಿ. ಅಮ್ಮ ಚಿಟಿಕೆಯಷ್ಟನ್ನು ಕುಡಿಕೆಯ ಕೆಂಡಕ್ಕೆ ಹಾಕಿ, ಅದರ ಮೇಲೆ ತನ್ನ ಉಡುಗೆಯನ್ನು ಹರಡಿ ಹೊಗೆ ಹಿಡಿಸುತ್ತಿದ್ದಳು. ಪುಟ್ಟ ಸಿತಾನ್ ಆ ಬಟ್ಟೆಯ ಕೆಳಗೆ ತಲೆ ತೂರಿಸಿ ಬೈಸಿಕೊಳ್ಳುತ್ತಿದ್ದಳು.

ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಮ್ಮನ ಉಡುಗೆಯೊಂದು ಪೆಟ್ಟಿಗೆಯ ತಳದಲ್ಲಿ ಉಳಿದಿತ್ತು. ಅದರ ಮಡಿಕೆಯೊಳಗೆ ಮೂಗಿಟ್ಟರೆ ಆ ಪರಿಮಳ ಎಳೆಯಷ್ಟು ಸಿಗುತ್ತಿತ್ತು. ಕಳೆದ ಬೇಸಿಗೆಯಲ್ಲಿ ತೆಗೆದು ನೋಡಿದಾಗ ಅದೂ ಇರಲಿಲ್ಲ. ಬರಿಯ ಬಟ್ಟೆ. ಈಗ ಮಗಳು ಮಸಾರಾನಳ ಮದುವೆ. ಮದುಮಗಳ ಪೆಟ್ಟಿಗೆಗೆ ಧೂಪ ಇಡಬೇಕಾದವಳು ತಾಯಿ. ತಮ್ಮ ಕಾಯ್ ಊರಿನ ಪೇಟೆಯಲ್ಲಿ ಧೂಪಕ್ಕೇನೂ ಬರವಿಲ್ಲ. ಆದರೆ ಅಜ್ಜಿಯನ್ನು ಕಾಣದ ಮೊಮ್ಮಗಳ ಪೆಟ್ಟಿಗೆಯಲ್ಲಿ ಅಜ್ಜಿಯ ಪರಿಮಳವಾದರೂ ಇರಲಿ ಎಂದು ಸಿತಾನಳ ಆಸೆ. ಮೇಷ್ಟ್ರ ಕೆಲಸದಿಂದ ನಿವೃತ್ತಳಾದ ಹೆಂಗಸು, ಗಡಿ ದಾಟಿ, ಬಸ್ಸಿನಲ್ಲಿ ಮೈಯೆಲ್ಲ ನೋಯಿಸಿಕೊಂಡು, ಹುಟ್ಟಿದ ಮೇಲೆ ಮೊದಲ ಬಾರಿ ಡಕಾರಿಗೆ ಬಂದಿಳಿದಳು.

ಮೊದಲ ಬಾರಿ. ಅದೇ ಅವಳನ್ನು ದಾರಿಯುದ್ದಕ್ಕೂ ಚುಚ್ಚಿತ್ತು. "ರಜೆಗೆ ನನ್ನ ಜೊತೆ ರೈಲಿಗೆ ಬಾರೇ, ಧೂಪದಂಗಡಿ ತೋರಿಸ್ತೀನಿ, ಸಮುದ್ರ ತೋರಿಸ್ತೀನಿ," ಎಂದು ಅಮ್ಮ ಪ್ರತಿ ವರ್ಷ ಕರೆಯುತ್ತಿದ್ದಳು. "ಪರೀಕ್ಷೆ ಇದೆಯಮ್ಮ, ಮುಂದಿನ ವರ್ಷ ಬರ್ತೀನಿ," ಎಂದು ಸಿತಾನ್ ಪ್ರತಿ ವರ್ಷ ಹೇಳುತ್ತಿದ್ದಳು. ಕೊನೆಗೆ ಅಮ್ಮನೂ ಇಲ್ಲವಾದಳು. ಈಗ ಆ ರೈಲೂ ಓಡುವುದಿಲ್ಲ.

ಅಮ್ಮನ ಮಾತಿನಿಂದ ಅವಳಿಗೆ ನೆನಪಿದ್ದದ್ದು ಇಷ್ಟೆ: ಸ್ಟೇಷನ್ನಿನ ಹಿಂದಿನ ಸಂತೆ, ಪೆಂದಾ ಎಂಬ ಹೆಂಗಸು, ಗಾಜಿನ ಜಾಡಿಗಳು. ಸ್ಟೇಷನ್ನಿನ ಹಿಂದೆ ಈಗ ಸಂತೆಯೇ ಇರಲಿಲ್ಲ. ಅದು ತೆರವಾಗಿ, ಅಂಗಡಿಯವರೆಲ್ಲ ಊರಿನ ಓಣಿಓಣಿಗೆ ಚದುರಿಹೋಗಿದ್ದರು. ಸಿತಾನ್ ಕೇಳಿಕೊಂಡು ಅಲೆದಳು. ಒಂದು ಓಣಿಯಲ್ಲಿ ಹೆಂಗಸರು ಬಟ್ಟೆಯೊಳಗೆ ತೊಡುವ ಸೊಂಟದ ಮಣಿಸರ ಮಾತ್ರ ಮಾರುವ ಅಂಗಡಿ. ಮಾರುವವಳು ಗಂಡಸರನ್ನು ಕಂಡರೆ ಪರದೆ ಎಳೆದುಬಿಡುತ್ತಿದ್ದಳು. ಇನ್ನೊಂದೆಡೆ ಚಹಾ ಕುಡಿಕೆಗಳ ಬಿಡಿ ಮುಚ್ಚಳಗಳನ್ನಷ್ಟೇ ಹರವಿಕೊಂಡ ಮುದುಕ. ಬೇರೆ ದಿನವಾಗಿದ್ದರೆ ಅಲ್ಲೆಲ್ಲ ನಿಂತು ಮಾತಾಡಿಸಿ ಬರುತ್ತಿದ್ದಳು. ಇಂದು ಕಾಲು ನಿಲ್ಲುತ್ತಿರಲಿಲ್ಲ.

ಬಿರುಕುಬಿಟ್ಟ ಸೋರೆಬುರುಡೆಗಳನ್ನು ದಾರದಿಂದ ಹೊಲಿದು ಕೊಡುವವನೊಬ್ಬ ಅವಳನ್ನು ಕರೆದ.

"ಯಾರನ್ನ ಹುಡುಕ್ತಿದೀರಿ ತಾಯಿ? ಬೆಳಿಗ್ಗೆಯಿಂದ ಇದೇ ದಾರೀಲಿ ಓಡಾಡ್ತಿದೀರಿ. ನನ್ನ ಬುರುಡೆಗಳಿಗೂ ನಿಮ್ಮ ಗುರುತು ಹತ್ತಿಬಿಡ್ತು."

"ಧೂಪ ಮಾಡೋ ಪೆಂದಾ ಅಂತ. ಹಿಂದೆ ಸ್ಟೇಷನ್ ಹತ್ರ ಇದ್ರಂತೆ. ನಾನು ಕಾಯ್ ಊರಿನೋಳಪ್ಪ, ಜಾರಾ ಮನೆತನ."

ಅವನು ಸೂಜಿ ಕೆಳಗಿಟ್ಟ. "ಜಾರಾನಾ! ಲೋ, ಯಾರಾದ್ರೂ ಅಲಸಂದೆ ಪಾತ್ರೆ ಮುಚ್ಚಿಡ್ರೋ, ಗಡಿ ದಾಟಿ ತಿನ್ನೋಕೆ ಬಂದಿದಾರೆ!" ಎಂದು ಓಣಿಗೇ ಕೂಗಿದ. "ನಾನು ತ್ರಾವೊರೆ. ಫಾಮೂಸಾ ತ್ರಾವೊರೆ."

ಸಿತಾನಳ ಆಯಾಸ ಅರ್ಧ ಇಳಿಯಿತು. "ತ್ರಾವೊರೆನಾ? ಅದಕ್ಕೇ ಒಡೆದದ್ದನ್ನ ಹೊಲೀತಾ ಕೂತಿದೀಯ. ನಮ್ಮಜ್ಜನ ಮನೆ ಆಳುಗಳ ಕೈಗೆ ಹೊಸದನ್ನ ಯಾರು ಕೊಡ್ತಾರೆ?"

ಅವನು ಹೊಟ್ಟೆ ಹಿಡಿದು ನಕ್ಕ. ಜಾರಾ ಮತ್ತು ತ್ರಾವೊರೆ ಎದುರಾದರೆ ಬೈದಾಡಲೇಬೇಕು. ಅದು ಅಜ್ಜಂದಿರ ಕಾಲದ ನಂಟು. ಬೈಯದಿದ್ದರೆ ಮನಸ್ಸಿನಲ್ಲಿ ಏನೋ ಇದೆ ಎಂದೇ ಅರ್ಥ.

"ಪೆಂದಾ ಅಮ್ಮನಿಗೆ ಹುಷಾರಾಗಿ ಉತ್ತರ ಕೊಡಿ," ಎಂದ ಫಾಮೂಸಾ, ಅವಳ ಕೈಚೀಲವನ್ನು ಕೇಳದೆಯೇ ತನ್ನ ಹೆಗಲಿಗೇರಿಸಿಕೊಂಡು. "ಅವರು ಜೋಪ್. ಗಡಿಯ ಆ ಕಡೆ ತ್ರಾವೊರೆ, ಈ ಕಡೆ ಜೋಪ್, ಎರಡೂ ಒಂದೇ ಬಳ್ಳಿ. ನಾಲಿಗೆ ಮಾತ್ರ ನನ್ನದಕ್ಕಿಂತ ಉದ್ದ." ಅಂಗಡಿಯನ್ನು ತೆರೆದೇ ಬಿಟ್ಟು, ಬಿಸಿಲು ಅವಳಿಗೆ ತಾಗದಂತೆ ಗೋಡೆಯ ಬದಿಗೇ ನಡೆಸಿಕೊಂಡು ಹೋಗಿ, ನೀಲಿ ಬಾಗಿಲೊಂದರ ಮುಂದೆ ಚೀಲವನ್ನು ಕೈಗಿತ್ತು ಮರಳಿದ.

ಹೊರಗೆ ಕಟ್ಟೆಯ ಮೇಲೆ ಮಧ್ಯವಯಸ್ಸಿನ ಹೆಂಗಸೊಬ್ಬಳು ಬೇರುಗಳನ್ನು ಜಜ್ಜುತ್ತಿದ್ದಳು. ಅವಳು ಸೊಖ್ನಾ, ಪೆಂದಾಳ ಸೊಸೆ. ಒಳಗೆ ಗೋಡೆಯುದ್ದಕ್ಕೂ ಜಾಡಿಗಳು. ಚಾಪೆಯ ಮೇಲೆ ಕಾಲು ನೀಡಿ ಕೂತ ಮುದುಕಿ ತಲೆಯೆತ್ತಿ, ಬಂದವಳ ಮುಖವನ್ನು ದಿಟ್ಟಿಸಿದಳು.

"ಈ ಹಣೆ ನನಗ್ಗೊತ್ತು," ಎಂದಳು. "ನೀನು ನಾಗಮಾ ಜಾರಾಳ ಮಗಳು. ಪರೀಕ್ಷೆ ಮುಗೀತೇನೇ?"

ಸಿತಾನ್ ಬಾಗಿಲಿಗೊರಗಿ ನಿಂತುಬಿಟ್ಟಳು.

"ಬಾ, ಕೂತ್ಕೋ. ಆ ಸ್ಟೂಲು ನಿಂದೇ," ಎಂದು ಪೆಂದಾ ಮೂಲೆಯತ್ತ ಕೈ ತೋರಿಸಿದಳು. "ನಿನ್ನಮ್ಮ ಪ್ರತಿ ಸಲ ಅಂತಿದ್ಳು, ಮುಂದಿನ ರೈಲಿಗೆ ಮಗಳನ್ನ ಕರ್ಕೊಂಡು ಬರ್ತೀನಿ, ಅವಳಿಗೆ ಕೂರೋಕೆ ಏನಾದ್ರೂ ಇಟ್ಟಿರು ಅಂತ. ಅದಕ್ಕೇ ಮಾಡಿಸಿಟ್ಟೆ. ಕೊನೆಗೆ ಬೆಕ್ಕು ಮಲಗ್ತಿತ್ತು."

"ಬರಬೇಕಿತ್ತು ದೊಡ್ಡಮ್ಮ," ಎಂದಳು ಸಿತಾನ್. "ಬಂದಿದ್ರೆ ಏನು ಹೋಗ್ತಿತ್ತು."

"ಹೋಗ್ಲಿ ಬಿಡು. ಜಾರಾಗಳು ಊಟದ ಹೊತ್ತಿಗಲ್ಲದೆ ಬೇರೆ ಯಾತಕ್ಕೆ ಸರಿಯಾಗಿ ಬಂದಿದಾರೆ?"

ಇಬ್ಬರೂ ನಕ್ಕರು. ಹಳೇ ಸಂತೆಯಲ್ಲಿ ಅಮ್ಮ ತನ್ನ ಪಕ್ಕ ಕೂತು ಏನೇನು ಮಾತಾಡುತ್ತಿದ್ದಳು ಎಂಬುದನ್ನು ಪೆಂದಾ ಹೇಳಿದಳು. ಅಮ್ಮ ಹಾಡುತ್ತಿದ್ದಳಂತೆ. ಸಿತಾನ್ ಮನೆಯಲ್ಲಿ ಅಮ್ಮನ ಹಾಡನ್ನು ಕೇಳಿದವಳೇ ಅಲ್ಲ. ಸಮುದ್ರಕ್ಕೆ ಹೋಗಿ ಮೊಣಕಾಲು ಮುಳುಗುವಷ್ಟು ನೀರಿಗಿಳಿದು, ಉಪ್ಪುನೀರನ್ನು ಬಾಟಲಿಯಲ್ಲಿ ತುಂಬಿಕೊಂಡಳಂತೆ, ಮಗಳಿಗೆ ರುಚಿ ತೋರಿಸಲು. ರೈಲಿನಲ್ಲಿ ಬಾಟಲಿ ಒಡೆದುಹೋಯಿತಂತೆ. ಅದೂ ಸಿತಾನಳಿಗೆ ಗೊತ್ತಿರಲಿಲ್ಲ.

ಮಗಳ ಮದುವೆಯ ಸುದ್ದಿ ಹೇಳಿ, ಬಂದ ಕಾರಣ ಹೇಳಿದಾಗ ಪೆಂದಾ ತನ್ನ ಮೂಗನ್ನು ಮುಟ್ಟಿಕೊಂಡಳು.

"ಹೊಸದಾಗಿ ಮಾಡಿಕೊಡೋಕೆ ನನ್ನಿಂದ ಆಗಲ್ಲ ಮಗಳೇ. ಆ ವರ್ಷ ಊರಿಗೆಲ್ಲ ಜ್ವರ ಬಂತಲ್ಲ, ಅವಾಗಿಂದ ಮೂಗು ಸತ್ತಿದೆ. ಹೂವೂ ಒಂದೇ, ಮೀನೂ ಒಂದೇ. ಅಂಗಡಿ ನಮ್ಮ ಸೊಖ್ನಾಳೇ ನೋಡ್ಕೋತಾಳೆ, ಅವಳ ಕೈಯೂ ಒಳ್ಳೇದೇ. ಆದ್ರೆ ನಿಮ್ಮಮ್ಮನ ಆ ಬೆರಕೆ ನನ್ನ ಮೂಗಲ್ಲಿ ಮಾತ್ರ ಇತ್ತು. ಅಳತೆ ಅಂತ ಏನೂ ಇರಲಿಲ್ಲ. ಮೂಸಿ ನೋಡೋದು, ಹಾಕೋದು. ಇವಳಿಗೆ ಕಲಿಸ್ತೀನಿ, ಕಲಿಸ್ತೀನಿ ಅಂದ್ಕೊಂಡೇ ಇದ್ದೆ."

ಸಿತಾನ್ ಏಳಲೆಂದು ಕೈಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಆದರೆ ಮುದುಕಿಯ ಮುಖದಲ್ಲಿ ಒಂದು ಕಳ್ಳನಗೆ ಇತ್ತು.

"ಸೊಖ್ನಾ, ಅಟ್ಟದ ಮೇಲಿಂದ ಅದನ್ನ ಇಳಿಸೇ."

ಕಟ್ಟೆಯ ಮೇಲೆ ಜಜ್ಜುವ ಸದ್ದು ನಿಂತಿತು. ಸೊಖ್ನಾ ಒಳಗೆ ಬಂದು, ಏನೋ ಹೇಳಲು ಬಾಯಿ ತೆರೆದವಳು ಹೇಳದೆ, ಬಟ್ಟೆ ಸುತ್ತಿದ ಸಣ್ಣ ಜಾಡಿಯನ್ನು ಇಳಿಸಿ ಅತ್ತೆಯ ಮಡಿಲಿಗಿಟ್ಟು ಹೊರಗೆ ಹೋದಳು.

"ಇದು ನಿನ್ನ ಮದುವೆಗೆ ಅಂತ ನಿಮ್ಮಮ್ಮ ಮಾಡಿಸಿದ್ದು. ಅತ್ತರಿನಲ್ಲಿ ಇನ್ನಷ್ಟು ದಿನ ನೆನೀಲಿ, ಮುಂದಿನ ರೈಲಿಗೆ ತಗೊಂಡು ಹೋಗ್ತೀನಿ ಅಂದ್ಳು. ಆ ರೈಲಿಗೆ ಅವಳು ಬರಲಿಲ್ಲ. ಸಂತೆ ಎಬ್ಬಿಸಿದ ದಿನ ಎಲ್ಲಾರೂ ಪೆಟ್ಟಿಗೆ, ತಕ್ಕಡಿ ಹೊತ್ಕೊಂಡು ಓಡಿದ್ರು. ನಾನು ಇದನ್ನ ಹೊತ್ಕೊಂಡು ಓಡಿದೆ. ಶುಕ್ರವಾರ ಶುಕ್ರವಾರ ಮುಚ್ಚಳ ತೆಗೆದು ಗಾಳಿ ಆಡಿಸ್ತೀನಿ. ನಿನಗೆ ಮುಟ್ಟಲಿಲ್ಲ, ನಿನ್ನ ಮಗಳಿಗಾದ್ರೂ ಮುಟ್ಲಿ."

ಸಿತಾನ್ ಎರಡೂ ಕೈಗಳಲ್ಲಿ ಜಾಡಿಯನ್ನು ಹಿಡಿದಳು. ಮುಚ್ಚಳ ಸಲೀಸಾಗಿ ತಿರುಗಿತು. ಕಣ್ಣು ಮುಚ್ಚಿ, ಬಟ್ಟೆಯ ಕೆಳಗೆ ತಲೆ ತೂರಿಸುತ್ತಿದ್ದ ಹುಡುಗಿಯ ಹಾಗೆ ಮುಖವನ್ನೇ ಅದರ ಬಾಯಿಗಿಟ್ಟಳು.

ಏನೂ ಇರಲಿಲ್ಲ. ಹಳೇ ಗೋಡೆಯ ಧೂಳಿನ ವಾಸನೆ, ಅಷ್ಟೆ. ಇನ್ನೊಮ್ಮೆ ಉಸಿರೆಳೆದಳು. ಸೀಬೆಯ ಸಿಹಿ ಇಲ್ಲ, ಕಹಿಯೂ ಇಲ್ಲ.

"ಇದೆಯಾ?" ಎಂದಳು ಪೆಂದಾ. ಮುಂದಕ್ಕೆ ಬಾಗಿದ್ದಳು. "ಹಾಗೇ ಇದೆಯಾ?"

"ಇದೆ ದೊಡ್ಡಮ್ಮ. ಹಾಗೇ ಇದೆ," ಎಂದಳು ಸಿತಾನ್. "ತುಂಬಾ ಚೆನ್ನಾಗಿದೆ. ನಿಮ್ಮ ಕೈಗುಣ ದೊಡ್ಡದು."

ಪೆಂದಾಳ ನಗು ಅಲ್ಲೇ ನಿಂತಿತು. ಬಹಳ ಹೊತ್ತು ಅವಳು ಸಿತಾನಳ ಮುಖವನ್ನೇ ನೋಡಿದಳು.

"ನಿಮ್ಮಮ್ಮ ಪ್ರತಿ ಸಲ ಮೂಸಿ ನೋಡಿ ಏನಂತಿದ್ಳು ಗೊತ್ತಾ? 'ಜೋಪರ ಕೊಟ್ಟಿಗೆ ಸಗಣಿ ಸುಟ್ಟ ಹಾಗಿದೆ, ಇನ್ನೆರಡು ಪೊಟ್ಟಣ ಕಟ್ಟು' ಅಂತಿದ್ಳು. ಬದುಕಿರೋ ತನಕ ಒಂದು ಒಳ್ಳೇ ಮಾತಾಡಲಿಲ್ಲ." ಮುದುಕಿಯ ದನಿ ತಗ್ಗಿತು. "ಜೋಪಳ ಧೂಪವನ್ನ ಜಾರಾ ಹೊಗಳ್ತಾಳೆ ಅಂದ್ರೆ ಒಳಗೆ ಏನೂ ಉಳಿದಿಲ್ಲ. ಅಲ್ವೇನೇ?"

ಸಿತಾನ್ ತಲೆ ತಗ್ಗಿಸಿದಳು. ಮುದುಕಿಯನ್ನು ನಂಬಿಸಲು ಒಂದು ಬೈಗುಳ ಸಾಕಾಗಿತ್ತು. ಯಾವುದೂ ಬಾಯಿಗೆ ಬಂದಿರಲಿಲ್ಲ.

"ಇಲ್ಲ ದೊಡ್ಡಮ್ಮ. ಏನೂ ಇಲ್ಲ."

"ಗಾಳಿ ಆಡಿಸಿ ಆಡಿಸಿ ನಾನೇ ಕಳೆದುಬಿಟ್ಟೆ," ಎಂದಳು ಪೆಂದಾ, ಯಾರಿಗೂ ಅಲ್ಲ ಎಂಬಂತೆ. "ಮುಚ್ಚಿಟ್ಟಿದ್ರೆ ಇರ್ತಿತ್ತೋ ಏನೋ."

ಬಾಗಿಲಲ್ಲಿ ಸೊಖ್ನಾ ನಿಂತಿದ್ದಳು. ಅವಳ ಮುಖ ನೋಡಿದಾಗ ಸಿತಾನಳಿಗೆ ತಿಳಿಯಿತು: ಈಕೆಗೆ ಇದು ವರ್ಷಗಳಿಂದ ಗೊತ್ತಿದೆ. ಶುಕ್ರವಾರ ಶುಕ್ರವಾರ ಜಾಡಿ ಇಳಿಸಿಕೊಟ್ಟು, ಅತ್ತೆ ಮುಚ್ಚಳ ತೆಗೆಯುವುದನ್ನು ನೋಡುತ್ತ, ಒಂದು ಮಾತೂ ಆಡದೆ ಮತ್ತೆ ಅಟ್ಟಕ್ಕೇರಿಸಿದ್ದಾಳೆ.

ಪೆಂದಾ ಜಾಡಿಗಾಗಿ ಕೈ ಚಾಚಿದಳು. "ಕೊಡು. ಸತ್ತದ್ದನ್ನ ಮದುಮಗಳ ಪೆಟ್ಟಿಗೆಗೆ ಇಡಬಾರದು. ಸೊಖ್ನಾ ಬೇರೆ ಕಟ್ಟಿಕೊಡ್ತಾಳೆ."

"ಸೊಖ್ನಾ ಕಟ್ಟಿಕೊಟ್ಟದ್ದನ್ನೂ ತಗೊಂಡು ಹೋಗ್ತೀನಿ, ಮಗಳ ಪೆಟ್ಟಿಗೆಗೆ," ಎಂದಳು ಸಿತಾನ್. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಬಟ್ಟೆ ಸುತ್ತಿ, ಜಾಡಿಯನ್ನು ಮಡಿಲಲ್ಲೇ ಇಟ್ಟುಕೊಂಡಳು. "ಇದು ನನಗೆ ಅಂತ ಇಟ್ಟದ್ದು. ನನ್ನ ಹತ್ರ ಇರ್ಲಿ."

ಪೆಂದಾ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಹೊರಗೆ ಮಧ್ಯಾಹ್ನದ ಬಾಂಗು ಮುಗಿದು ಓಣಿ ಮೌನವಾಗಿತ್ತು. ಸ್ಟೂಲು ತನಗೆ ಸ್ವಲ್ಪ ಗಿಡ್ಡವಾಯಿತು ಎನ್ನಿಸಿತು ಸಿತಾನಳಿಗೆ. ಶಾಲೆಗೆ ಹೋಗುವ ಹುಡುಗಿಯ ಅಳತೆಗೆ ಮಾಡಿಸಿದ್ದು.

ಸೊಖ್ನಾ ಒಳಮನೆಯಿಂದ ದೊಡ್ಡ ಬೋಗುಣಿ ತಂದು ಚಾಪೆಯ ನಡುವೆ ಇಟ್ಟಳು. ಕೆಂಪಗೆ ಬೆಂದ ಅನ್ನ, ಮೇಲೆ ಮೀನು, ಗೆಣಸು, ಎಲೆಕೋಸು. ಮಂಡಿಯೂರಿ ಕೂತು, ಮೀನಿನ ಮುಳ್ಳು ಬಿಡಿಸಿ, ಬೆನ್ನಿನ ದಪ್ಪ ತುಂಡನ್ನು ಬೆರಳಿನಿಂದ ಮೆಲ್ಲಗೆ ಸಿತಾನಳ ಕಡೆಗೆ ಸರಿಸಿದಳು. ಆಮೇಲೆ ಚಮಚವನ್ನು ಒರೆಸಿ ಅವಳ ಕೈಗೆ ಕೊಟ್ಟಳು.