ಮಣ್ಣು ಬೇಡದ ಗಿಡ

"ಇನ್ನೊಂದು ಚೂರು ಹಿಂದಕ್ಕೆ ಎಳೀರಯ್ಯ, ಮುಂದಕ್ಕೆ ವಾಲ್ತಾವ್ನೆ," ಎನ್ನುತ್ತ ಈಶ್ವರಯ್ಯ ಅಣ್ಣನ ಎದೆಗೆ ಸುತ್ತಿದ್ದ ಬಿಳಿ ಪಂಚೆಯ ತುದಿಯನ್ನು ತೊಟ್ಟಿಯ ಕಂಬದ ಕಡೆಗೆ ಜಗ್ಗಿದ. ಬೀದಿಯ ಇಬ್ಬರು ಭುಜ ಹಿಡಿದಿದ್ದರು. ಗಂಗಾಧರಯ್ಯನವರನ್ನು ಕೂರಿಸುತ್ತಿದ್ದರು. ಅವರ ಪೈಕಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂತೇ ಮನೆ ಬಿಡಬೇಕು, ಕೂತೇ ಮಣ್ಣಿಗೆ ಇಳಿಯಬೇಕು. ಹಣೆಗೆ, ತೋಳಿಗೆ ವಿಭೂತಿ ಹಚ್ಚಿಯಾಗಿತ್ತು. ಪಂಚೆ ಕಟ್ಟುವುದಕ್ಕೆ ಒಂದು ಗೂಟ ಬೇಕಿತ್ತು, ಅಷ್ಟೆ.

"ಗೂಟ ಯಾಕೆ ಸಾ? ಮೊಳೆ ಸಂತೇನೇ ಅದಲ್ಲ ಇಲ್ಲಿ," ಎಂದ ಕೆಂಪಣ್ಣ. ಹಳ್ಳಿಮೈಸೂರಿನಿಂದ ಗಂಗಾಧರಯ್ಯನವರ ಹಗ್ಗದ ಅಂಗಡಿಗೆ ನಾರು ತಂದು ಹಾಕುತ್ತಿದ್ದವನು ಅವನು. ಇವತ್ತೂ ಗಾಡಿ ತುಂಬ ನಾರು ಹೇರಿಕೊಂಡು ಬಂದಾಗಲೇ ಸುದ್ದಿ ತಿಳಿದದ್ದು.

ಎಲ್ಲರೂ ತಲೆಯೆತ್ತಿದರು. ಕಂಬಕ್ಕೊಂದು ಮೊಳೆ, ತೊಲೆಯುದ್ದಕ್ಕೂ ಮೊಳೆ. ಒಂದೊಂದರಿಂದಲೂ ಹುರಿಯ ಕುಣಿಕೆ ಇಳಿಬಿದ್ದಿತ್ತು. ಕೆಲವು ಕುಣಿಕೆಗಳಲ್ಲಿ ಮೊಳಕೈ ಉದ್ದದ ಮರದ ತುಂಡು, ಅದಕ್ಕಂಟಿದ ಕಪ್ಪು ದಾರದಂಥ ಏನೋ.

"ಇದೇನ್ ಸಾ, ಸಾವ್ಕಾರ್ರು ಬೇರು ಒಣಗಾಕ್ತಿದ್ರಾ? ಔಸ್ತಿ ಕೊಡ್ತಿದ್ರಾ?"

"ಔಸ್ತಿ ಅಲ್ಲ ಕಣ್ಲಾ, ಬಂದಳಿಕೆ," ಎಂದರು ಮೂಲೆಯಲ್ಲಿ ಕೂತಿದ್ದ ರೇವಮ್ಮ. ಸತ್ತವರ ತಂಗಿ, ಅರಕಲಗೂಡಿಗೆ ಕೊಟ್ಟವರು. ಅತ್ತೂ ಅತ್ತೂ ಗಂಟಲು ಕಟ್ಟಿತ್ತು, ನಾಲಗೆ ಮಾತ್ರ ಕಟ್ಟಿರಲಿಲ್ಲ. "ಮರದ ರಕ್ತ ಹೀರೋ ಬಂದಳಿಕೆ. ಯಾರಾದ್ರೂ ಮನೆ ತೊಲೆಗೆ ಕಟ್ತಾರಾ? ನಮ್ಮಣ್ಣ ಕಟ್ಟಿದ. ಒಂದಾದರೂ ಉಳೀತಾ ಕೇಳು."

ಆಮೇಲೆ ಅತ್ತಿಗೆ ದಾಕ್ಷಾಯಣಮ್ಮನ ಕಿವಿಯ ಹತ್ತಿರ ಬಗ್ಗಿ, "ಇವು ಒಣಗಿದ ಮೇಲೇ ಅಲ್ವಾ ಅವನು ಕಾಲುವೆ ದಾರಿ ಹಿಡಿದಿದ್ದು? ಆ ಮಾಯಮ್ಮ ಇವತ್ತು ಬಂದ್ರೆ ಹೊಸಿಲು ದಾಟುಸ್ಬೇಡ, ಹೇಳಿದ್ದೀನಿ," ಎಂದರು.

ಹೊಳೆನರಸೀಪುರದ ಪೇಟೆಗೆಲ್ಲ ಗೊತ್ತಿದ್ದ ವಿಷಯ ಅದು. ಇಳಿಹೊತ್ತಿಗೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಗಂಗಾಧರಯ್ಯನವರು ಕಾಲುವೆಯ ದಂಡೆಯಲ್ಲಿ ಎಮ್ಮೆ ಕಟ್ಟಿಕೊಂಡಿದ್ದ ಮಾಯಮ್ಮನ ಮನೆಗೆ ಹೋಗುತ್ತಿದ್ದರು. ಗಂಡ ಸತ್ತ ಹೆಂಗಸು. ಯಾಕೆ ಹೋಗುತ್ತೀರಿ ಎಂದು ದಾಕ್ಷಾಯಣಮ್ಮ ಒತ್ತಿ ಕೇಳಿದವರಲ್ಲ. ತಾವಾಗಿ ಹೇಳಲಿ ಎಂದು ಕಾದರು. ಅವರು ಹೇಳದೆಯೇ ಹೊರಟುಬಿಟ್ಟರು. ಈಗ ಹೇಳಬಲ್ಲವಳು ಒಬ್ಬಳೇ ಉಳಿದಿದ್ದಳು. ಅವಳು ಬರಲಿ ಎಂದೂ ಬಾರದಿರಲಿ ಎಂದೂ ಬೆಳಗಿನಿಂದ ಅವರ ಕಣ್ಣು ಬೀದಿಬಾಗಿಲಲ್ಲೇ ಇತ್ತು.

ಈಶ್ವರಯ್ಯ ಕಂಬದ ಮೊಳೆಗೆ ಪಂಚೆಯನ್ನು ಬಿಗಿದು ಗಂಟು ಹಾಕಿದ. ಗಂಗಾಧರಯ್ಯನವರು ನೆಟ್ಟಗೆ ಕೂತರು.

\*

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚೆ, ಮಲ್ಲಿಪಟ್ಟಣದ ಕಡೆಯಿಂದ ಬಂದ ಸೌದೆ ಗಾಡಿಯೊಂದರ ಹಗ್ಗ ಅಂಗಡಿಯ ಮುಂದೆಯೇ ಹರಿದಿತ್ತು. ಗಾಡಿಯವನಿಗೆ ಹೊಸ ಹಗ್ಗ ಅಳೆದು ಕೊಡುತ್ತಿದ್ದ ಗಂಗಾಧರಯ್ಯನವರ ಕೈ ಅರ್ಧಕ್ಕೇ ನಿಂತಿತು. ಕಡಿದ ಕೊಂಬೆಯೊಂದಕ್ಕೆ ತೊಗಲಿನಂಥ ಎಲೆಗಳ ಗಿಡ ಕಚ್ಚಿಕೊಂಡಿತ್ತು. ಅದರಿಂದ ಬಿಳಿ ಮತ್ತು ನೇರಳೆ ಚುಕ್ಕೆಯ ಹೂವು, ಜಡೆಗೆ ಮುಡಿಸುವ ದಂಡೆಯ ಹಾಗೆ, ಒತ್ತೊತ್ತಾಗಿ ನೇತುಬಿದ್ದಿತ್ತು.

"ಏನಿದು?"

"ಸೀತೆದಂಡೆ ಸಾ."

"ಕೊಂಬೆ ಕಡಿದು ಎಷ್ಟು ದಿನ ಆಯ್ತು?"

"ಆಗದೆ ಸಾ, ಒಂದು ಪಕ್ಷ."

"ಕೊಂಬೆ ಸತ್ತಿದೆ. ಇದು ಹೂ ಬಿಟ್ಕೊಂಡು ಕೂತಿದೆಯಲ್ಲೋ, ಏನು ತಿಂದು?"

"ಗಾಳಿ ತಿಂದು ಸಾ," ಎಂದು ನಕ್ಕ ಗಾಡಿಯವ, ಹಗ್ಗದ ಬೆಲೆಗೆ ಬದಲು ಆ ಕೊಂಬೆಯನ್ನೇ ಇಳಿಸಿ ಹೋದ.

ಗಾಳಿ ತಿಂದೇ ಇಷ್ಟು ಬೆಳೆದದ್ದು ಗೊಬ್ಬರ ತಿಂದರೆ ಎಷ್ಟು ಬೆಳೆದೀತು! ಗಂಗಾಧರಯ್ಯನವರು ಗಿಡವನ್ನು ಬಿಡಿಸಿ, ಒಡೆದ ಕೊಡದ ತಳದಲ್ಲಿ ಮಣ್ಣು, ಕೊಟ್ಟಿಗೆಯ ಗೊಬ್ಬರ ತುಂಬಿ, ಕುತ್ತಿಗೆಯವರೆಗೆ ಹೂತರು. ಅದು ಕೊಳೆಯಿತು. ಗಾಡಿಯವನ ಕೈಲಿ ಇನ್ನಷ್ಟು ತರಿಸಿ, ಎರಡನೆಯದನ್ನು ನಾರಿನಿಂದ ಮರದ ತುಂಡಿಗೆ ಕಟ್ಟಿ ಹೆಂಚಿನ ಮೇಲೆ ಇಟ್ಟರು. ಚೈತ್ರದ ಬಿಸಿಲಿಗೆ ಹಪ್ಪಳವಾಯಿತು. "ಹಗ್ಗ ಮಾರೋರಿಗೆ ಹೂವಿನ ಚಿಂತೆ ಯಾಕೋ," ಎಂದು ದಾಕ್ಷಾಯಣಮ್ಮ ನಕ್ಕಿದ್ದರು. ಮೂರನೆಯದನ್ನು ತೊಟ್ಟಿಯ ಸೂರಿನ ನೆರಳಿಗೆ ಕಟ್ಟಿದರು. ಅದು ನಿಂತಿತು. ಬೆಳ್ಳಿ ತಂತಿಯಂಥ ಬೇರೊಂದನ್ನು ಗಾಳಿಗೆ ಚಾಚಿತು. ಅವತ್ತು ಅವರು ಊಟದ ಎಲೆಯ ಮುಂದೆಯೂ ಅದರದೇ ಮಾತಾಡಿದರು.

ಗಂಡ ಇಷ್ಟು ಹಚ್ಚಿಕೊಂಡ ಗಿಡಕ್ಕೆ ತಾನೂ ಏನಾದರೂ ಮಾಡಬೇಕೆಂದು ದಾಕ್ಷಾಯಣಮ್ಮನವರಿಗೆ ಅನ್ನಿಸಿತು. ಬೆಳಿಗ್ಗೆ, ಸಂಜೆ ಲಿಂಗಪೂಜೆ ಆದ ಮೇಲೆ ಹಾಲು ಬೆರೆತ ಅಭಿಷೇಕದ ನೀರು ಚೊಂಬಿನಲ್ಲಿ ಮಿಗುತ್ತಿತ್ತು. ತುಳಿಯುವ ಜಾಗಕ್ಕೆ ಚೆಲ್ಲುವಂತಿಲ್ಲ. ಹಿತ್ತಲಿನ ಬಿಲ್ವದ ಬುಡಕ್ಕೆ ಹಾಕುತ್ತಿದ್ದುದನ್ನು ಈ ಗಿಡಕ್ಕೆ ಹಾಕತೊಡಗಿದರು. ಒಂದು ಬೆಳಿಗ್ಗೆ ಗಂಗಾಧರಯ್ಯನವರು ಅದನ್ನು ನೋಡಿದರು. ಎಲೆಯ ಸಂದಿಯಲ್ಲಿ ಹಾಲಿನ ನೀರು ನಿಂತಿತ್ತು.

"ದಿನಾ ಹಾಕ್ತೀಯಾ?"

"ದಿನಾ. ಎರಡು ಹೊತ್ತೂ. ನಿಮ್ಮ ಗಿಡ ಅಲ್ವೇ? ದೇವರ ನೀರು ಬಿದ್ರೆ ಬದುಕ್ತದೆ."

ಅವರು ಏನೋ ಹೇಳುವುದಕ್ಕೆ ಬಾಯಿ ತೆರೆದರು. ಚೊಂಬನ್ನೂ ಹೆಂಡತಿಯ ಮುಖವನ್ನೂ ನೋಡಿದರು. "ಸರಿ," ಎಂದರು.

\*

ಮಗಳು ಗಂಗಾಂಬಿಕೆ ಚನ್ನರಾಯಪಟ್ಟಣದಿಂದ ಬರಬೇಕಿತ್ತು. ಯುದ್ಧದಿಂದಾಗಿ ಪೆಟ್ರೋಲಿಲ್ಲದ ಕಾಲ, ಇದ್ದಿಲು ಬಸ್ಸು ಏರು ಬಂದಲ್ಲೆಲ್ಲ ನಿಂತು, ಜನ ಇಳಿದು ತಳ್ಳಿ, ಹೇಗೋ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಪ್ಪನ ಮೊಣಕಾಲಿಗೆ ತಲೆಯಿಟ್ಟು ಅವಳು ಅತ್ತಳು. ಅವಳ ಕಂಕುಳ ಕೂಸು ಹಸಿವಿಗೆ ಅತ್ತಿತು. ಸಾವಿನ ಮನೆಯಾದರೇನು, ಕೂಸಿಗೆ ಹಾಲು ಕಾಯಿಸಲೇಬೇಕಲ್ಲ ಎಂದು ದಾಕ್ಷಾಯಣಮ್ಮ ಏಳುವಾಗ ಬೀದಿಬಾಗಿಲಲ್ಲಿ ಮಾತು ಏರಿತು.

"ನಿಂತ್ಕೋ ಅಲ್ಲೇ. ಇಷ್ಟು ಮಂದಿ ಎದುರಿಗೆ ಬರೋಕೆ ಮುಖ ಆದ್ರೂ ಹೆಂಗೆ ಬಂತು ನಿಂಗೆ?" ರೇವಮ್ಮನ ದನಿ.

"ನಾ ಒಳೀಕ್ಕೆ ಬರಾಕಿಲ್ಲ ಕಣ್ರವ್ವ. ಇದ್ನ ಆ ಅವ್ವಾರ ಕೈಗೆ ಕೊಟ್ಬುಟ್ಟು ಓಯ್ತೀನಿ. ಎಮ್ಮೆ ಕರೀದೆ ಬಂದಿವ್ನಿ."

ಮಳೆಯಲ್ಲಿ ನೆನೆದ ಸೀರೆ, ತಲೆಯ ಮೇಲೆ ಎಲೆ ಹೆಣೆದ ಗೊರಗ, ಕಂಕುಳಲ್ಲಿ ಒಂದು ಕುಕ್ಕೆ. ದಾಕ್ಷಾಯಣಮ್ಮನಿಗಿಂತ ಹತ್ತು ವರ್ಷವಾದರೂ ಹೆಚ್ಚಿನವಳು. ಹಲ್ಲಿಲ್ಲದ ಬಾಯಿ. ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮುಖ ಇದಾಗಿರಲಿಲ್ಲ.

"ಏನದು?" ಎಂದರು ದಾಕ್ಷಾಯಣಮ್ಮ.

ಮಾಯಮ್ಮ ಕುಕ್ಕೆಯ ಮೇಲಿನ ಮುತ್ತುಗದೆಲೆ ಸರಿಸಿದಳು. ಮಾವಿನ ಕೊಂಬೆಯ ತುಂಡಿಗೆ ತಬ್ಬಿಕೊಂಡ ಗಿಡ, ಹಾವಿನಂತೆ ಸುತ್ತಿದ ಬಿಳಿ ಬೇರು. ಎರಡು ದಂಡೆ ಹೂವು ಕುಕ್ಕೆಯ ಅಂಚು ದಾಟಿ ಹೊರಕ್ಕೆ ಜಾರಿದವು. ಬೀದಿಯಲ್ಲಿ ನಿಂತಿದ್ದವರು ಕತ್ತು ಚಾಚಿ ನೋಡಿದರು.

"ಅವರ ಗಿಡ ಕಣವ್ವ. ನಮ್ಮ ಕಾಲುವೆ ಮ್ಯಾಗಳ ಮಾವಿನ ಮರಕ್ಕೆ ಕಟ್ಟಿದ್ರು. ಅಲ್ಲಿ ನೀರಿನ ತಂಪು, ಎಮ್ಮೆ ಉಸುರು, ಚೆಂದಾಗಿ ಬಂತು. ದಿನಾ ಬಂದು ಅದ್ರ ಮುಂದೆ ಕುಂತ್ಕಳ್ಳರು."

"ಕೂತು ಏನು ಮಾಡೋರು?"

"ಏನೂ ಇಲ್ಲ ಕಣವ್ವ, ನೋಡರು. ಬೆರಳು ಒದ್ದೆ ಮಾಡಿ ಬೇರು ಮುಟ್ಟರು. ಬೇರು ಬೆಳ್ಳಗಿದ್ರೆ ಬಾಯಾರಿತು ಅಂತೆ, ಎಲೆ ಅಂಗೆ ಅಸುರಾದ್ರೆ ಕುಡೀತು ಅಂತೆ. ನಂಗೂ ತೋರುಸ್ತಿದ್ರು. ನಾನು 'ಮಗೀಗೆ ತೋರ್ಸೋ ಅಂಗೆ ತೋರುಸ್ತೀರಲ್ಲ ಸಾ' ಅಂತ ಆಡ್ಕತಿದ್ದೆ."

ದಾಕ್ಷಾಯಣಮ್ಮ ಹೊಸಿಲಿನ ಮೇಲೇ ನಿಂತಿದ್ದರು. ಕೇಳಬೇಕಾದದ್ದು ಇನ್ನೂ ಇತ್ತು.

"ಮನೇಲೇ ಇತ್ತಲ್ಲ ಜಾಗ. ನಿಮ್ಮನೆ ಮರವೇ ಯಾಕೆ ಬೇಕಾಯ್ತು?"

ಮಾಯಮ್ಮ ರೇವಮ್ಮನನ್ನೊಮ್ಮೆ ನೋಡಿದಳು, ನೆಲ ನೋಡಿದಳು. "ಯೋಳ್ಬಾರ್ದು ಅಂದಿದ್ರು."

"ಹೇಳು."

"'ನಮ್ಮ ಮನೇಲಿ ಎರಡು ಹೊತ್ತೂ ಪೂಜೆ ನೀರು ಹಾಕ್ತಾಳೆ. ಅಷ್ಟು ನೀರು ಇದಕ್ಕೆ ಆಗಲ್ಲ, ಹಾಲಂತೂ ವಿಷ. ಭಕ್ತಿಯಿಂದ ಹಾಕೋಳಿಗೆ ಹಾಕಬೇಡ ಅನ್ನೋಕೆ ನಂಗೆ ಬಾಯಿ ಬರಲ್ಲ ಮಾಯಮ್ಮ' ಅಂದ್ರು. ಮಿಕ್ಕವ್ನ ಅಲ್ಲೇ ಕೊಳೆಯೋಕೆ ಬಿಟ್ಟು, ನಿಮ್ಗೆ ಕಾಣ್ದಂಗೆ ಇದ್ನ ಒಂದ್ನ ಕದ್ದು ತಂದ್ರು. ಓದ ವರ್ಸ ಊವಾದಾಗ 'ತಗೊಂಡೋಗಿ ತೋರ್ಸಿ ಸಾ' ಅಂದೆ. 'ಮುಂದಿನ ವರ್ಷ ಇನ್ನೂ ಉದ್ದ ಬರುತ್ತೆ, ಆಗ ದಾಕ್ಷಾಯಣಿಗೆ ತೋರಿಸ್ತೀನಿ' ಅಂದ್ರು. ಈ ವರ್ಸ ಮೊನ್ನೆ ಬಿರೀತು."

ರೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ನಗುವೋ ಅಳುವೋ ತಿಳಿಯಲಿಲ್ಲ.

\*

ಒಂದೇ ಒಂದು ಸಲ ದಾಕ್ಷಾಯಣಮ್ಮ ಬಾಯಿಬಿಟ್ಟು ಕೇಳಿದ್ದರು. ಪಂಚೆಗೆ ಪಾಚಿ, ಮೈಗೆ ಎಮ್ಮೆಯ ವಾಸನೆ ಅಂಟಿಸಿಕೊಂಡು ಗಂಡ ಬಂದಿದ್ದ ಸಂಜೆ.

"ಎಲ್ಲಿಗೆ ಹೋಗಿದ್ರಿ?"

"ಕಾಲುವೆ ಕಡೆ."

"ಅಲ್ಲೇನಿದೆ?"

"ಗಾಳಿ," ಎಂದು ಗಂಗಾಧರಯ್ಯನವರು ತಮ್ಮ ಮಾತಿಗೆ ತಾವೇ ನಕ್ಕಿದ್ದರು. ದಾಕ್ಷಾಯಣಮ್ಮ ನಕ್ಕಿರಲಿಲ್ಲ. ಅವತ್ತಿನಿಂದ ಬಡಿಸುವಾಗ ತುಪ್ಪ ಬೇಕೇ ಎಂದು ಕೇಳುವುದನ್ನು ಬಿಟ್ಟಿದ್ದರು. ಅವರೂ ಬೇಕು ಎಂದಿರಲಿಲ್ಲ.

\*

ಕುಕ್ಕೆಯನ್ನು ಎತ್ತಿಕೊಂಡು ದಾಕ್ಷಾಯಣಮ್ಮ ತೊಟ್ಟಿಗೆ ಬಂದು ಗಂಡನ ಎದುರು ಕೂತರು.

"ಹಾಕಬೇಡ ಕಣೇ, ಅಂತ ಒಂದು ಮಾತು," ಎಂದರು. ದನಿ ಮೆಲ್ಲಗಿತ್ತು, ಕೋಪ ಮೆಲ್ಲಗಿರಲಿಲ್ಲ. "ನಾನೇನು ಹುಲಿಯಾ? ಒಂದು ಮಾತಿಗೆ ಇಷ್ಟು ವರ್ಷ ನನ್ನ ಹೊಟ್ಟೆ ಉರಿಸಿದ್ರಲ್ಲ."

ಗಂಗಾಂಬಿಕೆ ತಾಯಿಯ ಬೆನ್ನಿನ ಮೇಲೆ ಕೈ ಇಟ್ಟಳು. ಹೊರಗೆ ಕೂರಿಸಿ ಹೊತ್ತೊಯ್ಯುವ ಬಿದಿರಿನ ವಿಮಾನ ಸಿದ್ಧವಾಗಿತ್ತು. ಈಶ್ವರಯ್ಯ ಕಂಬದ ಗಂಟು ಬಿಚ್ಚಲು ಬಂದವನು ಗಿಡ ನೋಡಿ, "ಇದನ್ನೂ ಕೊಡಿ ಅತ್ತಿಗೆ, ಸಮಾಧಿ ಮೇಲೆ ನೆಟ್ಟುಬಿಡೋಣ. ಅಣ್ಣನ ಜೊತೇಲೇ ಇರಲಿ," ಎಂದ.

"ಮಣ್ಣಿಗೆ ಹಾಕಬೇಡಿ," ಎಂದರು ದಾಕ್ಷಾಯಣಮ್ಮ ಥಟ್ಟನೆ. "ಕೊಳೀತದೆ. ಮಣ್ಣು ಬೇಡ ಅದಕ್ಕೆ."

ಉದ್ದನೆಯ ದಂಡೆಯೊಂದನ್ನು ಚಿವುಟಿ ಗಂಡನ ಕೊರಳಿನ ಬಿಲ್ವದ ಹಾರದ ಮೇಲೆ ಇಟ್ಟರು. ಆಮೇಲೆ ಬಾಗಿಲ ಕಡೆ ನೋಡಿ, "ರೇವಮ್ಮ, ಆಕೆ ಮಳೇಲಿ ನಿಂತವಳೆ. ಒಳಕ್ಕೆ ಕರೀರಿ," ಎಂದರು.

ವಿಮಾನ ಎದ್ದಿತು. ಗಂಗಾಧರಯ್ಯನವರು ಪೇಟೆ ಬೀದಿಯಲ್ಲಿ, ಬಾಗಿಲು ಹಾಕಿದ್ದ ತಮ್ಮ ಹಗ್ಗದಂಗಡಿಯ ಮುಂದೆ, ಸೀತೆದಂಡೆ ತೊಟ್ಟುಕೊಂಡು ಕೂತು ಹೋದರು.

ಎಲ್ಲ ಮುಗಿಸಿ ಜನ ಮಿಂದು ಬರುವಾಗ ದೀಪ ಹಚ್ಚುವ ಹೊತ್ತು. ಅವರಲ್ಲಿ ಸಾವಿಗೆ ಮೈಲಿಗೆಯಿಲ್ಲ, ಲಿಂಗಪೂಜೆ ಒಂದು ದಿನವೂ ನಿಲ್ಲುವುದಿಲ್ಲ. ದಾಕ್ಷಾಯಣಮ್ಮ ಪೂಜೆ ಮುಗಿಸಿ ಚೊಂಬು ಹಿಡಿದು ತೊಟ್ಟಿಗೆ ಬಂದರು. ಪಂಚೆ ಕಟ್ಟಿದ್ದ ಮೊಳೆಯಲ್ಲೇ ಕೆಂಪಣ್ಣ ಗಿಡವನ್ನು ಹೊಸ ನಾರಿನಿಂದ ನೇತುಹಾಕಿ ಹೋಗಿದ್ದ. ಅವರ ಕೈ ಅಭ್ಯಾಸಬಲದಿಂದ ಮೇಲಕ್ಕೆ ಹೋಯಿತು. ಚೊಂಬು ವಾಲಿತು.

ನಿಂತಿತು.

ಹಿತ್ತಲಿಗೆ ಹೋಗಿ ನೀರನ್ನು ಬಿಲ್ವದ ಬುಡಕ್ಕೆ ಹಾಕಿ ಬಂದರು. ಸೂರಿನಿಂದ ತೊಟ್ಟಿಕ್ಕುವ ಮಳೆಹನಿಗೆ ತೋರುಬೆರಳು ಒಡ್ಡಿ, ಹರಳೆಣ್ಣೆಯ ದೀಪವನ್ನು ಹತ್ತಿರ ಹಿಡಿದು, ಗಾಳಿಗೆ ಚಾಚಿದ್ದ ಬಿಳಿ ಬೇರನ್ನು ಮುಟ್ಟಿದರು. ಬೆರಳು ಸೋಕಿದಷ್ಟೇ ಜಾಗ ನಿಧಾನವಾಗಿ ಹಸಿರಾಯಿತು.