ಕೊಡದವರ ಊರು

ಮೊದಲ ಕಲ್ಲು ತೆರಿಗೆ ಕಚೇರಿಯ ಕಿಟಕಿ ಗಾಜು ಸೀಳಿಕೊಂಡು ಬಂದು ಗುಮಾಸ್ತೆಯ ಟೈಪ್‌ರೈಟರಿಗೆ ಬಡಿಯಿತು. ಎರಡನೆಯದು ಗೋಡೆಗೆ. ಆಮೇಲೆ ಎಣಿಸುವಷ್ಟು ಪುರಸೊತ್ತಿರಲಿಲ್ಲ.

ತೆರಿಗೆ ಅಧಿಕಾರಿ ಬೀರುವಿನ ಮರೆಗೆ ಸರಿದು, "ಹಿಂದಿನ ಬಾಗಿಲಿಂದ ಹೋಗ್ಬಿಡಮ್ಮ ನೀನು" ಎಂದರು. ನಿವೃತ್ತಿಗೆ ಐದು ತಿಂಗಳಿದ್ದ ಮನುಷ್ಯ.

"ಬಾಗಿಲು ಒಡೀತಿರೋನು ನಮ್ಮಣ್ಣ, ಸಾರ್. ಎಲ್ಲಿಗೆ ಹೋಗ್ಲಿ?"

ನಲವತ್ತು ವರ್ಷ ಆ ಊರಿನಲ್ಲಿ ಯಾರೂ ತೆರಿಗೆ ಕಟ್ಟಿರಲಿಲ್ಲ. ತಾಮ್ರದ ಗಣಿಯೇ ಎಲ್ಲದರ ಖರ್ಚನ್ನೂ ಕಟ್ಟುತ್ತಿತ್ತು: ಶಾಲೆ, ಆಸ್ಪತ್ರೆ, ನಲ್ಲಿ ನೀರು, ಬೀದಿ ದೀಪ. ಹೋದ ವರ್ಷ ತಾಮ್ರ ಮುಗಿಯಿತು. ಕಳೆದ ಸೋಮವಾರ ಮನೆಮನೆಗೂ ತೆರಿಗೆಯ ನೋಟೀಸು ಹೋಯಿತು. ಎಲ್ಲವನ್ನೂ ಟೈಪು ಮಾಡಿದವಳು ಈ ಗುಮಾಸ್ತೆಯೇ. ಅಣ್ಣನ ಹೆಸರಿನದನ್ನೂ.

ಚಿಲಕ ಕಿತ್ತುಬಂತು. ಇಪ್ಪತ್ತೆರಡು ವರ್ಷ ನೆಲದಡಿ ಬಂಡೆ ಕೊರೆದಿದ್ದ ಅಣ್ಣ ಹಾರೆ ಹಿಡಿದು ಒಳನುಗ್ಗಿದ. ಹಿಂದೆ ಹತ್ತಾರು ಜನ. ಹಾರೆ ಅಧಿಕಾರಿಯ ತೋಳಿಗೆ ಬಿತ್ತು. ಹಸಿ ಕೊಂಬೆ ಮುರಿದ ಸದ್ದು. ಎರಡನೇ ಏಟಿಗೆ ಎತ್ತುವಷ್ಟರಲ್ಲಿ ತಂಗಿ ನಡುವೆ ಬಂದು ನಿಂತಳು.

"ಆಚೆ ಸರಿಯೇ!"

"ಹೊಡಿ. ನೋಟೀಸು ಟೈಪು ಮಾಡಿದ್ದು ನಾನು, ನನಗೇ ಹೊಡಿ."

"ನಮ್ಮ ಕಾಲಡಿಯಿಂದ ಅಷ್ಟು ತಾಮ್ರ ತೆಗೆದ್ರಲ್ಲ, ಆ ದುಡ್ಡೆಲ್ಲಾ ಎಲ್ಲಿಗೋಯ್ತು? ಅದನ್ನ ಹೇಳಿ ಆಮೇಲೆ ಕೇಳ್ಲಿ ತೆರಿಗೆ!"

"ತೆಗೀವಾಗ ಯಾಕೆ ಕೇಳ್ಲಿಲ್ಲ ನೀನು?"

"ಆಗ ನಾನೇನು ತೆರಿಗೆ ಕೊಟ್ಟಿದ್ನಾ, ಕೇಳೋಕೆ?"

ಹೇಳಿದ ಮೇಲೆ ಅವನೇ ಗಕ್ಕನೆ ನಿಂತ. ಹಾರೆ ಮೆಲ್ಲಗೆ ಇಳಿಯಿತು. ನೆಲದ ಮೇಲಿಂದ ಅಧಿಕಾರಿ ಹಲ್ಲು ಕಚ್ಚಿ ಹೇಳಿದರು, "ನನಗೂ ಗೊತ್ತಿಲ್ಲಪ್ಪ. ಎಲ್ಲಾ ನೇರ ರಾಜಧಾನಿಗೆ ಹೋಗ್ತಿತ್ತು. ಸಂಬಳ ಬರ್ತಿತ್ತು, ನಾನೂ ಸುಮ್ಮನಿದ್ದೆ."

ಅಷ್ಟರಲ್ಲಿ ಹೊರಗೆ ಪೊಲೀಸರ ಗುಂಡು ಹಾರಿತು. ಬಾಗಿಲಲ್ಲಿದ್ದ ಮುದುಕನೊಬ್ಬ ಕತ್ತು ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಇನ್ನೊಂದು ಗುಂಡು ಅಣ್ಣನ ತೊಡೆಗೆ ಹೊಕ್ಕಿತು. ಜನ ಒಬ್ಬರನ್ನೊಬ್ಬರು ತುಳಿದುಕೊಂಡು ಓಡಿದರು. ಗುಮಾಸ್ತೆ ಅಣ್ಣನ ಕಂಕುಳಿಗೆ ಕೈಹಾಕಿ ಎಳೆದಳು, ಎಳೆಯಲಾಗಲಿಲ್ಲ. ಇನ್ನೊಂದು ಕಂಕುಳಿಗೆ ಅಧಿಕಾರಿ ತಮ್ಮ ನೆಟ್ಟಗಿದ್ದ ತೋಳು ಕೊಟ್ಟರು.

ಆಸ್ಪತ್ರೆಯಲ್ಲಿ ಅರಿವಳಿಕೆ ಮದ್ದು ಮುಗಿದು ತಿಂಗಳಾಗಿತ್ತು. ನಾಲ್ಕು ಜನ ಹಿಡಿದುಕೊಂಡರು, ಡಾಕ್ಟರು ಗುಂಡು ಕಿತ್ತರು. ಅಣ್ಣನ ಕೂಗು ಗೇಟಿನವರೆಗೂ ಕೇಳಿಸಿತು. ಕಾಲು ಉಳಿಯಿತು, ಆದರೆ ಮತ್ತೆಂದೂ ಪೂರ್ತಿ ಮಡಚಲು ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನರ್ಸು ಅವನ ಗಾಯದ ಬಟ್ಟೆ ಬಿಚ್ಚಿ, ಬಕೆಟ್ಟಿನಲ್ಲಿ ತೊಳೆದು ಹಿಂಡಿದಳು. ಪಕ್ಕದ ಮಂಚದಲ್ಲಿ ತೋಳಿಗೆ ಪಟ್ಟಿ ಕಟ್ಟಿಸಿಕೊಂಡ ಅಧಿಕಾರಿ ನೋಡುತ್ತಿದ್ದರು.

"ಅದನ್ನೇ ಮತ್ತೆ ಕಟ್ತೀರಾ?" ಎಂದ ಅಣ್ಣ.

"ಒಣಗ್ಲಿ. ಬೇರೆ ಇಲ್ಲ" ಎಂದಳು ನರ್ಸು.

ಕಿಟಕಿಯ ಸರಳಿಗೆ ಬಟ್ಟೆ ಹರವಿ ಹೋದಳು. ಅದರ ತುದಿಯಿಂದ ತೆಳುಗೆಂಪು ನೀರು ತೊಟ್ಟಿಕ್ಕುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ಮಲಗಿದ್ದರು.