ಸಭೆಯ ಹೊರಗೆ ನುಡಿದ ಮಂಚ

ನಾನು ಒಂದು ಕಬ್ಬಿಣದ ಮಂಚ. ಹುಬ್ಬಳ್ಳಿಯ ವೆಲ್ಡಿಂಗ್ ಶೆಡ್ಡೊಂದರಲ್ಲಿ ಹುಟ್ಟಿದೆ. ಬಳಿದ ಬಿಳಿ ಬಣ್ಣ ಪೂರ್ತಿ ಒಣಗುವ ಮೊದಲೇ ನನ್ನನ್ನು ಹೆರಿಗೆ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಹೆಂಗಸರು ನನ್ನ ಸರಳುಗಳನ್ನು ಹಿಡಿದು ಚೀರುತ್ತಿದ್ದರು. ನಾನು ಅಲುಗಾಡದೆ ನಿಂತಿರುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ, ತಲೆಯ ಭಾಗ ಮೇಲೇಳುವ ಹೊಸ ಮಂಚಗಳು ಬಂದವು. ನಾನು ಗುಜರಿಗೆ ಬಿದ್ದೆ.

ಅಲ್ಲಿ ನನ್ನನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದವರು ಮಂದಾಕಿನಿ ಕಟಗೇರಿ. ಊರಿನ ಸಂಗೀತ ಸಭೆಯಲ್ಲಿ ಖ್ಯಾಲ್ ಹಾಡಿ ಹೆಸರಾಗಿದ್ದ ಗಾಯಕಿ. ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ಉಳಿದದ್ದು ಪಿಸುದನಿ ಮಾತ್ರ. ಜೊತೆಯಲ್ಲಿದ್ದವರು ರೇಡಿಯೋ ರಿಪೇರಿಯ ಇಸ್ಮಾಯಿಲ್ ಮುಲ್ಲಾ. ಒಂದು ಕಾಲಕ್ಕೆ ಮಂದಾಕಿನಿಯವರ ಕಛೇರಿಗಳಿಗೆಲ್ಲ ಮೈಕು ಕಟ್ಟಿದವರು.

ಇಸ್ಮಾಯಿಲ್ ಒಮ್ಮೆ ಯಾವುದೋ ದೇಶದ ಧ್ವನಿಮುದ್ರಣ ಕೇಳಿಸಿದ್ದರಂತೆ. ತಗಡು ಉಜ್ಜುವ ಸದ್ದು, ರೇಡಿಯೋದ ಗೊರಗೊರ, ಅದರಲ್ಲೇ ಕಟ್ಟಿದ ಸಂಗೀತ. ಮೊದಲು ಮಂದಾಕಿನಿಯವರಿಗೆ ನಗು ಬಂತು. ಮತ್ತೊಮ್ಮೆ ಹಾಕಿಸಿ ಕೇಳಿದರು. ಆಮೇಲೆ ಅಂದರಂತೆ: "ಇಸ್ಮಾಯಿಲ್, ಇವರ್ಯಾರೂ ಹಾಡವಲ್ರು. ಆದ್ರೂ ಬಾಯಿ ಮುಚ್ಚಿ ಕೂತಿಲ್ಲ ನೋಡ್ರಿ."

ಅವರ ಪಡಸಾಲೆಯಲ್ಲಿ ನನಗೆ ಎರಡನೇ ಜನ್ಮ. ತಂಬೂರಿಯ ತಂತಿಗಳನ್ನೂ ಬೈಕಿನ ಕ್ಲಚ್ ವೈರುಗಳನ್ನೂ ನನ್ನ ಅಡ್ಡಕ್ಕೆ ಬಿಗಿದರು. ಕರೆಂಟು ನೇರ ಹರಿಯದಂತೆ ತಲೆಕಡೆಗೂ ಕಾಲುಕಡೆಗೂ ನಡುವೆ ರಬ್ಬರ್ ಕೊಟ್ಟು, ಅಡಿಯಲ್ಲಿ ಹಳೇ ರೇಡಿಯೋಗಳ ಸ್ಪೀಕರ್ ಕೂರಿಸಿದರು. ಒಬ್ಬರು ತಲೆಕಡೆಯ ಸರಳು ಹಿಡಿಯಬೇಕು, ಇನ್ನೊಬ್ಬರು ಕಾಲುಕಡೆಯದು. ಅಷ್ಟಕ್ಕೇ ನಾನು ನುಡಿಯುವುದಿಲ್ಲ. ಅವರಿಬ್ಬರೂ ಪರಸ್ಪರ ಕೈ ಹಿಡಿದಾಗ ಮಾತ್ರ ಮೈಗೆ ತಿಳಿಯದಷ್ಟು ಸಣ್ಣ ಕರೆಂಟು ದಾಟಿ ದನಿ ಏಳುತ್ತದೆ. ಸಡಿಲ ಹಿಡಿದರೆ ಗುಂಯ್‌ಗುಡುತ್ತೇನೆ, ಬಿಗಿಯಾಗಿ ಹಿಡಿದರೆ ಕೂಗುತ್ತೇನೆ.

ಮೊದಲ ಸಲ ಅವರಿಬ್ಬರೇ ಹಿಡಿದರು. ಇಸ್ಮಾಯಿಲ್ ಸಂಕೋಚದಿಂದ ಕೈ ಚಾಚಿದರು. ಮಂದಾಕಿನಿ ಗಟ್ಟಿಯಾಗಿ ಹಿಡಿದೇಬಿಟ್ಟರು. ನಾನು ಕೂಗಿದ ರಭಸಕ್ಕೆ ಕಪಾಟಿನ ಲೋಟಗಳು ನಡುಗಿದವು.

ಅದೇ ವಾರ ಸಭೆಯ ಕಾರ್ಯದರ್ಶಿ ಅನಂತರಾವ್ ಮನೆಗೆ ಬಂದರು.

"ವಾರ್ಷಿಕೋತ್ಸವದಾಗ ನಿಮಗ ಶಾಲು ಹೊದಿಸ್ತೀವ್ರಿ ಬಾಯಾರ. ಸುಮ್ನ ವೇದಿಕಿ ಮ್ಯಾಲ ಕೂತ್ರ ಸಾಕು."

"ಸುಮ್ನ ಕೂಡ್ಲಿಕ್ಕೆ ಬರೂದಿಲ್ಲ ನನಗ. ಇದನ್ನ ನುಡಸ್ತೀನಿ."

ಅನಂತರಾವ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈ ಗುಜರಿ ಸಾಮಾನನ್ನ? ಇದು ಸಂಗೀತ ಅಲ್ಲ ಬಿಡ್ರಿ."

ವಾರ್ಷಿಕೋತ್ಸವದ ಸಂಜೆ ಕೈಗಾಡಿಯ ಮೇಲೆ ನನ್ನನ್ನು ಹೇರಿ, ಸಭೆಯ ಗೇಟಿನೆದುರು ರಸ್ತೆಯಂಚಿಗೆ ಇಳಿಸಿದರು. ಪಕ್ಕದ ಚಹಾದಂಗಡಿಯವರು ಕರೆಂಟು ಕೊಟ್ಟರು. ಒಳಗೆ ಚಹಾದ ವಿರಾಮ ಆಗುವತನಕ ನಾವು ಮೂವರೂ ಸುಮ್ಮನೆ ಕಾದೆವು. ವಿರಾಮವಾದ ಮೇಲೂ ಯಾರೂ ಹತ್ತಿರ ಬರಲಿಲ್ಲ. ಕೊನೆಗೆ ಹೂ ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ, "ಏನೈತ್ಬೇ ಯಕ್ಕಾ ಇದು?" ಎಂದು ನನ್ನ ಸರಳು ಹಿಡಿದಳು. ಬಸ್ಸಿಗೆ ಕಾಯುತ್ತಿದ್ದ ಪ್ಯಾಂಟು-ಶರ್ಟಿನವರೊಬ್ಬರನ್ನು ಇಸ್ಮಾಯಿಲ್ ಇನ್ನೊಂದು ತುದಿಗೆ ಕರೆತಂದರು. ಇಬ್ಬರೂ ಮುಖಮುಖ ನೋಡಿಕೊಂಡರು. ಹೂವಾಡಗಿತ್ತಿಯೇ ಅವರ ಕೈಗೆ ಕೈ ಹಾಕಿದಳು. ನಾನು ನುಡಿದೆ.

ಆಮೇಲೆ ಜನ ಕೈಗೆ ಕೈ ಸೇರಿಸುತ್ತಲೇ ಹೋದರು. ಸಭೆಯ ಶ್ರೋತೃಗಳೂ ಚಹಾದ ಕಪ್ಪು ಕೆಳಗಿಟ್ಟು ಬಂದರು.

ಅನಂತರಾವ್ ಓಡಿಬಂದರು. "ಬಂದ್ ಮಾಡ್ರಿ ಇದನ್ನ! ಸಭಾದ ಮರ್ಯಾದಿ ಹೋಗ್ತದ!"

ಮಂದಾಕಿನಿ ತುಟಿ ತೆರೆದರು. ಆ ಪಿಸುಮಾತು ಕೇಳಲೆಂದು ಇಡೀ ಗುಂಪು ಕೈ ಬಿಟ್ಟು ಮುಂದಕ್ಕೆ ಬಾಗಿತು.

"ರಸ್ತೆ ನಿಮ್ಮ ಸಭಾದ್ದಲ್ಲ. ನನ್ನ ಗಂಟಲು ಹೋಗೇದ, ಸಂಗೀತ ಹೋಗಿಲ್ಲ. ಒಮ್ಮೆ ಮುಟ್ಟಿ ನೋಡ್ರಿ, ಆಮ್ಯಾಲ ಬೈರಿ."

ಅನಂತರಾವ್ ಮುಟ್ಟಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಳಗೆ ಹೋದರು. ಶಾಲನ್ನು ಖಾಲಿ ಕುರ್ಚಿಗೆ ಹೊದಿಸಿದರೆಂದು ಆಮೇಲೆ ತಿಳಿಯಿತು.

ಈಗ ನಾನು ಮಂದಾಕಿನಿಯವರ ಮನೆಯ ವರಾಂಡದಲ್ಲಿದ್ದೇನೆ. ಕಾಲಿಗೆ ತುಕ್ಕು ಹತ್ತಿದೆ, ವೈರುಗಳು ಆಗಾಗ ಹರಿಯುತ್ತವೆ. ಮೊನ್ನೆ ಸಭೆಯ ಹೊಸ ಕಾರ್ಯದರ್ಶಿ ಬಂದಿದ್ದರು. ನನ್ನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಭಾಂಗಣದಲ್ಲಿ ಪ್ರದರ್ಶಿಸುತ್ತಾರಂತೆ.

"ಮುಟ್ಟಬ್ಯಾಡ್ರಿ ಅಂತ ಬೋರ್ಡ್ ಹಾಕ್ತೀರೇನು?" ಎಂದು ಮಂದಾಕಿನಿ ಕೇಳಿದರು.

"ಹಾಕಲೇಬೇಕಲ್ರಿ ಬಾಯಾರ. ಇಲ್ಲಾಂದ್ರ ಹಾಳಾಗ್ತದ."

"ಹಾಳಾಗ್ಲಿ. ಹೋಗಿ ಬರ್ರಿ."

ಒಂದು ದಿನ ನಾನು ಮುರಿದು ಬೀಳುತ್ತೇನೆ, ಗೊತ್ತು. ಗಾಜಿನೊಳಗೆ ಹೊಳೆಯುವುದಕ್ಕಿಂತ ಕೈಗಳಲ್ಲಿ ಸವೆಯುವುದೇ ನನಗಿಷ್ಟ. ನಮ್ಮ ವರಾಂಡಕ್ಕೆ ಬೀಗವಿಲ್ಲ, ಬನ್ನಿ. ಬರುವಾಗ ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ.